ಓದಿದವರನ್ನೇ ಬಾಟ್ ಎನ್ನುವ ವರದಿ: ಒಂದು ಇಮೇಲ್ ಕ್ಯಾಂಪೇನ್ ಸೇವೆಯ ವಿಮರ್ಶೆ

ನಮ್ಮ ಸುದ್ದಿಪತ್ರವನ್ನು ಪ್ರತಿ ವಾರವೂ ತಪ್ಪದೆ ಓದಿ, ಅದರಲ್ಲಿ ಕಂಡ ತಪ್ಪುಗಳನ್ನು ಪಟ್ಟಿ ಮಾಡಿ ಉತ್ತರ ಬರೆಯುವ ಓದುಗರೊಬ್ಬರಿದ್ದಾರೆ. ಕಳೆದ ತಿಂಗಳು ಅವರಿಗೆ ನಮ್ಮ ಹೆಸರಿನಲ್ಲೇ ಒಂದು ಸ್ವಯಂಚಾಲಿತ ಇಮೇಲ್ ಹೋಯಿತು: ತಾವು ಬಹಳ ದಿನಗಳಿಂದ ನಮ್ಮ ಪತ್ರವನ್ನು ತೆರೆದಿಲ್ಲ, ಮುಂದೆ ಕಳುಹಿಸುವುದು ಬೇಡವೇ ಎಂದು. ಹಿಂದಿನ ದಿನವಷ್ಟೇ ಉತ್ತರ ಬರೆದಿದ್ದ ಅವರು ಇದರಿಂದ ನೊಂದುಕೊಂಡರೋ ನಕ್ಕರೋ ತಿಳಿಯದು. ನಾನಂತೂ ವರದಿಯನ್ನು ತೆರೆದು ನೋಡಿದೆ. ಅವರ ಹೆಸರಿನ ಮುಂದೆ ಸಾಲಾಗಿ ಹನ್ನೊಂದು ವಾರ 'ಬಾಟ್', ಅಂದರೆ ಮನುಷ್ಯರಲ್ಲದ ಸ್ವಯಂಚಾಲಿತ ತಂತ್ರಾಂಶ, ಎಂದು ದಾಖಲಾಗಿತ್ತು. ಎಂಟು ತಿಂಗಳಿಂದ ನಾವು ಹಣ ಕೊಟ್ಟು ಬಳಸುತ್ತಿರುವ ಈ ಇಮೇಲ್ ಸೇವೆಯ ಬಗ್ಗೆ ಬರೆಯಬೇಕೆನಿಸಿದ್ದು ಆಗಲೇ.

ಸೇವೆಯ ಉಳಿದ ಭಾಗಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಪತ್ರವನ್ನು ವಿನ್ಯಾಸಗೊಳಿಸುವ ಎಡಿಟರ್ ಹಗುರವಾಗಿದೆ, ಪತ್ರ ನಿಜವಾಗಿಯೂ ನಮ್ಮಿಂದಲೇ ಬಂದದ್ದೆಂದು ದೃಢಪಡಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಡೊಮೇನ್‌ಗೆ ಸೇರಿಸುವ ಕ್ರಮವನ್ನು ಹಂತಹಂತವಾಗಿ ತೋರಿಸುತ್ತಾರೆ, ಪತ್ರಗಳು ಇನ್‌ಬಾಕ್ಸ್‌ಗೆ ತಲುಪುತ್ತವೆ. ನನ್ನ ತಕರಾರು ಇರುವುದು ಒಂದೇ ಒಂದು ಸೌಲಭ್ಯದ ಬಗ್ಗೆ; ದುರದೃಷ್ಟವಶಾತ್, ಜಾಹೀರಾತಿನಲ್ಲಿ ಅವರು ಎಲ್ಲಕ್ಕಿಂತ ಮುಂದೆ ನಿಲ್ಲಿಸಿರುವುದೂ ಅದನ್ನೇ. ಅದು ನಕಲಿ ಓಪನ್‌ಗಳನ್ನು (ಪತ್ರ ತೆರೆದ ದಾಖಲೆಗಳನ್ನು) ಸೋಸಿ, ಮನುಷ್ಯರ ಓಪನ್‌ಗಳನ್ನು ಮಾತ್ರ ಎಣಿಸುತ್ತೇವೆ ಎನ್ನುವ ಬಾಟ್ ಫಿಲ್ಟರ್.

ಇಮೇಲ್ ತೆರೆಯಲ್ಪಟ್ಟಿತು ಎಂಬುದನ್ನು ತಿಳಿಯಲು ಯಾವ ಸೇವೆಗೂ ನೇರವಾದ ದಾರಿಯಿಲ್ಲ. ಪತ್ರದೊಳಗೆ ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ, ಕಣ್ಣಿಗೆ ಕಾಣದ ಚಿತ್ರವೊಂದನ್ನು ಇಟ್ಟಿರುತ್ತಾರೆ. ಅದರ ವಿಳಾಸ ಪ್ರತಿಯೊಬ್ಬ ಚಂದಾದಾರರಿಗೂ ಬೇರೆಬೇರೆಯಾಗಿರುತ್ತದೆ. ಆ ಚಿತ್ರಕ್ಕಾಗಿ ಸರ್ವರ್‌ಗೆ ಕೋರಿಕೆ ಬಂದರೆ ಪತ್ರ ತೆರೆದಂತೆ, ಬಾರದಿದ್ದರೆ ತೆರೆಯದಂತೆ. ಕೋರಿಕೆಯ ಜೊತೆಗೆ ಬರುವುದು ಅದು ಯಾವ ಅಂತರ್ಜಾಲ ಸಂಪರ್ಕದಿಂದ ಬಂತೆಂದು ತೋರಿಸುವ ಒಂದು ಐಪಿ ವಿಳಾಸ, ಯಾವ ತಂತ್ರಾಂಶ ಕೇಳುತ್ತಿದೆ ಎಂದು ಹೇಳಿಕೊಳ್ಳುವ ಯೂಸರ್ ಏಜೆಂಟ್ ಎಂಬ ಸಾಲು, ಮತ್ತು ಹೊತ್ತು. ಓದುಗರ ಬಗ್ಗೆ ಫಿಲ್ಟರ್‌ನ ಕೈಯಲ್ಲಿರುವ ಸಾಕ್ಷ್ಯ ಇಷ್ಟೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಎಡವಟ್ಟು ಅರ್ಥವಾಗುತ್ತದೆ.

ಏಕೆಂದರೆ ಈ ಕೋರಿಕೆಗಳಲ್ಲಿ ಬಹುಪಾಲು ಇಂದು ಓದುಗರ ಫೋನಿನಿಂದ ನೇರವಾಗಿ ಬರುವುದೇ ಇಲ್ಲ. 2013ರ ಡಿಸೆಂಬರ್‌ನಿಂದ ಜಿಮೇಲ್ ಎಲ್ಲ ಚಿತ್ರಗಳನ್ನೂ ನಡುವೆ ನಿಲ್ಲುವ ಗೂಗಲ್‌ನ ಪ್ರಾಕ್ಸಿ ಸರ್ವರ್‌ಗಳ ಮೂಲಕವೇ ತರಿಸಿಕೊಡುತ್ತಿದೆ. ಹೀಗಾಗಿ ಜಿಮೇಲ್ ಓದುಗರು ಎಲ್ಲಿಯೇ ಕುಳಿತಿರಲಿ, ವರದಿಯಲ್ಲಿ ಕಾಣುವುದು ಗೂಗಲ್‌ನ ಡೇಟಾ ಸೆಂಟರ್‌ನ ವಿಳಾಸ. ಆದರೆ ಆ ಕೋರಿಕೆಯ ಹಿಂದೆ ಸಾಮಾನ್ಯವಾಗಿ ಪತ್ರ ತೆರೆದ ಮನುಷ್ಯರೊಬ್ಬರು ಇದ್ದೇ ಇರುತ್ತಾರೆ. ಆಪಲ್ 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರ ಜೊತೆಗೆ ತಂದ ಮೇಲ್ ಪ್ರೈವಸಿ ಪ್ರೊಟೆಕ್ಷನ್ ಇದಕ್ಕಿಂತ ಬೇರೆ. ಅದನ್ನು ಆನ್ ಮಾಡಿಕೊಂಡವರ ಮೇಲ್ ಆ್ಯಪ್, ಅವರು ಪತ್ರ ಓದಲಿ ಬಿಡಲಿ, ಚಿತ್ರಗಳನ್ನು ಹಿನ್ನೆಲೆಯಲ್ಲಿ ಮೊದಲೇ ಇಳಿಸಿಕೊಳ್ಳುತ್ತದೆ. ಆ ಓಪನ್ ನಿಜವೂ ಅಲ್ಲ, ಸುಳ್ಳೂ ಅಲ್ಲ, ಅದರಿಂದ ಏನೂ ತಿಳಿಯುವುದಿಲ್ಲ ಅಷ್ಟೇ. ಮೂರನೆಯದು ಕಚೇರಿಗಳ ಮೇಲ್ ಸರ್ವರ್‌ಗಳ ಮುಂದೆ ಕಾವಲಿರುವ ಭದ್ರತಾ ಸ್ಕ್ಯಾನರ್‌ಗಳು. ಪತ್ರ ಬಂದ ಕೆಲವೇ ಕ್ಷಣಗಳಲ್ಲಿ ಅವು ಲಿಂಕ್‌ಗಳನ್ನು ಒತ್ತಿ, ಚಿತ್ರಗಳನ್ನು ತೆರೆದು, ಅಪಾಯವಿದೆಯೇ ಎಂದು ಪರೀಕ್ಷಿಸುತ್ತವೆ. ಬಾಟ್ ಎಂಬ ಹೆಸರು ಸಲ್ಲಬೇಕಾದದ್ದು ಇವುಗಳಿಗೆ ಮಾತ್ರ.

ಈ ಸೇವೆ ಮೂರನ್ನೂ ಒಂದೇ ಮಂಕರಿಗೆ ತುಂಬುತ್ತದೆ. ಅದನ್ನು ಖಚಿತಪಡಿಸಿಕೊಳ್ಳಲು ನನ್ನದೇ ವಿಳಾಸಗಳಿಗೆ ಒಂದೇ ಪತ್ರವನ್ನು ಕಳುಹಿಸಿ, ಯಾವುದನ್ನು ಎಷ್ಟು ಹೊತ್ತಿಗೆ ತೆರೆದೆ ಎಂದು ಕಾಗದದ ಮೇಲೆ ಬರೆದಿಟ್ಟುಕೊಂಡೆ. ಜಿಮೇಲ್‌ನ ಒಂದು ಖಾತೆಯಲ್ಲಿ ಪತ್ರ ಬಂದ ಸದ್ದಾದ ಕೂಡಲೇ ತೆರೆದೆ, ಬಾಟ್ ಎಂದಿತು. ಜಿಮೇಲ್‌ನದೇ ಇನ್ನೊಂದು ಖಾತೆಯಲ್ಲಿ ಒಂದು ಗಂಟೆ ಬಿಟ್ಟು ತೆರೆದೆ, ಮನುಷ್ಯ ಎಂದಿತು. ಬೇರೊಂದು ಖಾತೆಯ ಪತ್ರವನ್ನು, ಸಂಪರ್ಕವನ್ನು ಇನ್ನೊಂದು ಸರ್ವರ್‌ನ ಮೂಲಕ ಹಾಯಿಸುವ ವಿಪಿಎನ್ ಹಾಕಿಕೊಂಡು ತಕ್ಷಣ ತೆರೆದಾಗ ಮತ್ತೆ ಬಾಟ್. ಆಪಲ್‌ನ ಮೇಲ್ ಆ್ಯಪ್‌ಗೆ ಬಂದ ಪತ್ರವನ್ನಂತೂ ನಾನು ಮುಟ್ಟಲೇ ಇಲ್ಲ. ಆ್ಯಪ್ ಕೆಲವು ಗಂಟೆಗಳ ನಂತರ ತಾನಾಗಿ ಚಿತ್ರವನ್ನು ಇಳಿಸಿಕೊಂಡದ್ದೇ ತಡ, ವರದಿ ನನ್ನನ್ನು ಶ್ರದ್ಧೆಯಿಂದ ಓದಿದ ಮನುಷ್ಯನೆಂದು ದಾಖಲಿಸಿತು. ಫಿಲ್ಟರ್‌ನ ಒಳಗಿನ ನಿಯಮ ಇದರಿಂದ ಊಹಿಸುವಂತಿದೆ: ಕೋರಿಕೆ ಡೇಟಾ ಸೆಂಟರ್‌ನಿಂದ ಬಂದು, ಪತ್ರ ತಲುಪಿದ ಮೊದಲ ಕ್ಷಣಗಳಲ್ಲೇ ಬಂದರೆ ಅದು ಯಂತ್ರ, ಸ್ವಲ್ಪ ತಡವಾದರೆ ಮನುಷ್ಯ. ಇನ್‌ಬಾಕ್ಸ್ ತೆರೆದಿಟ್ಟುಕೊಂಡು ಕಾಯುವಷ್ಟು ಆಸಕ್ತಿಯಿರುವ ಓದುಗರೇ ಈ ನಿಯಮಕ್ಕೆ ಮೊದಲು ಬಲಿಯಾಗುತ್ತಾರೆ.

ಇದಕ್ಕಿಂತ ಗಂಭೀರವಾದ ದೋಷ ಕಚೇರಿಯ ಖಾತೆಯಲ್ಲಿ ಕಂಡಿತು. ಅಲ್ಲಿನ ಸ್ಕ್ಯಾನರ್ ಪತ್ರವನ್ನು ಒಡನೆಯೇ ತೆರೆಯಿತು, ಫಿಲ್ಟರ್ ಅದನ್ನು ಸರಿಯಾಗಿಯೇ ಬಾಟ್ ಎಂದು ಗುರುತಿಸಿತು, ಅಲ್ಲಿಯವರೆಗೆ ಆಕ್ಷೇಪವಿಲ್ಲ. ಎರಡು ಗಂಟೆಗಳ ನಂತರ ನಾನೇ ಪತ್ರವನ್ನು ತೆರೆದು, ಚಿತ್ರಗಳು ಮೂಡುವವರೆಗೂ ಕಾದು ನೋಡಿದರೂ ವರದಿಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಅಂದರೆ ಫಿಲ್ಟರ್ ತೀರ್ಪು ಕೊಡುತ್ತಿರುವುದು ಒಂದೊಂದು ಓಪನ್‌ನ ಮೇಲಲ್ಲ, ಆ ಚಂದಾದಾರರ ಮೇಲೆ; ಮೊದಲ ಕೋರಿಕೆ ಯಂತ್ರದ್ದಾದರೆ ಆ ಪತ್ರದ ಮಟ್ಟಿಗೆ ಅವರ ಖಾತೆಯನ್ನೇ ಮುಚ್ಚಿಬಿಡುತ್ತದೆ. ಬಾಗಿಲಲ್ಲಿ ಕಾವಲುಗಾರ ಚೀಲ ತಡವಿದ ಎಂಬ ಕಾರಣಕ್ಕೆ ಒಳಗೆ ಬಂದ ಅತಿಥಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗಾಯಿತು ಇದು. ಚಂದಾದಾರರಲ್ಲಿ ಹೆಚ್ಚಿನವರು ಕಚೇರಿಯ ವಿಳಾಸ ಕೊಟ್ಟಿರುವಂಥ ಪಟ್ಟಿಯಲ್ಲಿ ಈ ಒಂದು ದೋಷದಿಂದಲೇ ವರದಿ ಅರ್ಥ ಕಳೆದುಕೊಳ್ಳುತ್ತದೆ.

ಓಪನ್ ರೇಟ್, ಅಂದರೆ ಪತ್ರ ತೆರೆದವರ ಪ್ರಮಾಣ, ಸ್ವಲ್ಪ ಕಡಿಮೆ ಕಂಡರೆ ಏನಾಯಿತು ಎಂದು ಕೇಳುವವರುಂಟು. ಸಂಖ್ಯೆ ಡ್ಯಾಶ್‌ಬೋರ್ಡಿನಲ್ಲಿ ಸುಮ್ಮನೆ ಕುಳಿತಿದ್ದರೆ ನನಗೂ ಚಿಂತೆಯಿರುತ್ತಿರಲಿಲ್ಲ. ಆದರೆ ಈ ಸೇವೆಯ ಹಲವು ಸ್ವಯಂಚಾಲಿತ ಕೆಲಸಗಳಿಗೆ ಕೀಲಿಯೇ ಆ ಸಂಖ್ಯೆ. ತೊಂಬತ್ತು ದಿನ ತೆರೆಯದವರನ್ನು ನಿಷ್ಕ್ರಿಯರ ಪಟ್ಟಿಗೆ ಸೇರಿಸುವುದು, ಎರಡು ಶೀರ್ಷಿಕೆಗಳಲ್ಲಿ ಹೆಚ್ಚು ಓಪನ್ ಪಡೆದದ್ದನ್ನು ಉಳಿದವರಿಗೆಲ್ಲ ಕಳುಹಿಸುವುದು, ತೆರೆಯದವರಿಗೆ ಅದೇ ಪತ್ರವನ್ನು ಮೂರು ದಿನ ಬಿಟ್ಟು ಮತ್ತೊಮ್ಮೆ ಕಳುಹಿಸುವುದು, ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ. ಇವುಗಳಲ್ಲಿ ಕೊನೆಯದೇ ನಮಗೆ ಹೆಚ್ಚು ಪೆಟ್ಟು ಕೊಟ್ಟಿತು. ಆಗಲೇ ಓದಿ ಮುಗಿಸಿದವರಿಗೆ ಬೇರೆ ಶೀರ್ಷಿಕೆ ಹೊತ್ತ ಅದೇ ಪತ್ರ ಎರಡನೆಯ ಸಲ ಬಂದರೆ ಅವರಿಗೆ ಕಿರಿಕಿರಿಯಾಗುತ್ತದೆ. ಕೆಲವರು ಅನ್‌ಸಬ್‌ಸ್ಕ್ರೈಬ್ ಮಾಡುತ್ತಾರೆ, ಕೆಲವರು ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾರೆ. 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಜಿಮೇಲ್‌ನ ನಿಯಮದಂತೆ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ಕ್ಕೆ ಮುಟ್ಟದಂತೆ ನೋಡಿಕೊಳ್ಳಬೇಕು. ಸಾವಿರ ಪತ್ರಗಳಿಗೆ ಮೂರು ದೂರು ಎಂದರೆ ಎಷ್ಟು ಸಣ್ಣ ಅಂಚು ಎಂಬುದನ್ನು ಬೇರೆ ಹೇಳಬೇಕಿಲ್ಲ. ಓದಿದವರನ್ನು ಓದದವರೆಂದು ತಪ್ಪಾಗಿ ತಿಳಿದ ಒಂದು ಕಾಲಂ, ನಾವು ಕಳುಹಿಸುವ ಎಲ್ಲ ಪತ್ರಗಳ ಮರ್ಯಾದೆಗೂ ಕುತ್ತು ತರಬಲ್ಲದು.

ಸಹಾಯ ವಿಭಾಗಕ್ಕೆ ಬರೆದೆ. ಉತ್ತರ ಎರಡು ದಿನದಲ್ಲಿ ಬಂತು, ಸೌಜನ್ಯದಿಂದಲೇ ಬಂತು. ಫಿಲ್ಟರ್‌ನ ನಿಯಮಗಳನ್ನು ಬಹಿರಂಗಪಡಿಸಿದರೆ ಬಾಟ್‌ಗಳು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತವೆ, ಆದ್ದರಿಂದ ವಿವರ ಕೊಡಲಾಗದು ಎಂಬುದು ಅದರ ಸಾರ. ಈ ಮಾತಿನಲ್ಲಿ ಅರ್ಧ ಸತ್ಯವಿದೆ: ಸ್ಕ್ಯಾನರ್‌ಗಳು ಸಾಧಾರಣ ಬ್ರೌಸರ್‌ನ ವೇಷ ಹಾಕುವುದುಂಟು, ಆದರೆ ಅದು ಮೋಸದ ಜಾಲತಾಣಗಳು ತಮ್ಮ ಗುರುತು ಹಿಡಿಯದಿರಲೆಂದು, ನಮ್ಮ ಸುದ್ದಿಪತ್ರದ ಅಂಕಿಅಂಶವನ್ನು ಉಬ್ಬಿಸುವ ಆಸೆ ಅವುಗಳಿಗಿಲ್ಲ. ನಾನು ಕೇಳಿದ್ದಾದರೂ ನಿಯಮಗಳನ್ನಲ್ಲ. ಪ್ರತಿ ಓಪನ್‌ನ ಹೊತ್ತು, ಐಪಿ ವಿಳಾಸ ಮತ್ತು ಯೂಸರ್ ಏಜೆಂಟ್ ಇರುವ ಮೂಲ ಲಾಗ್ ಅನ್ನು ಕೇಳಿದ್ದೆ. ಇಳಿಸಿಕೊಳ್ಳಲು ಸಿಗುವ ಸಿಎಸ್‌ವಿ ಕಡತದಲ್ಲಿ ಇರುವುದು ಮನುಷ್ಯ ಅಥವಾ ಬಾಟ್ ಎಂಬ ಒಂದೇ ಪದ. ಗೊತ್ತಿಲ್ಲ ಎಂದು ಹೇಳುವ ಮೂರನೆಯ ಪದ ಅಲ್ಲಿ ಇಲ್ಲವೇ ಇಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಸೌಲಭ್ಯದ ಮೂಲ ದೋಷ ಇರುವುದು ಅಲ್ಲಿಯೇ. ಆಪಲ್‌ನ ಓಪನ್‌ಗಳನ್ನು ಪ್ರಾಮಾಣಿಕವಾಗಿ ಬರೆಯಲು ಬೇಕಾದದ್ದು ಆ ಪದ.

ಕ್ಲಿಕ್‌ಗಳ ವಿಷಯದಲ್ಲಿ ಇದೇ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಪತ್ರದಲ್ಲಿ ಓದುಗರ ಕಣ್ಣಿಗೆ ಬೀಳದ ಒಂದು ಲಿಂಕ್ ಅಡಗಿಸಿಟ್ಟು, ಅದನ್ನೂ ಒತ್ತಿದವರನ್ನು ಯಂತ್ರವೆಂದು ತಿಳಿಯುವ ಹಳೆಯ ಉಪಾಯವನ್ನು ಅವರು ಬಳಸುತ್ತಾರೆ. ಅದರಲ್ಲಿ ಮನುಷ್ಯರು ಸಿಕ್ಕಿಬೀಳುವ ಸಂಭವ ಕಡಿಮೆ. ಯಂತ್ರಗಳು ಲಿಂಕ್ ಒತ್ತುವ ಸಮಸ್ಯೆ ಎಷ್ಟು ಹಳೆಯದೆಂದರೆ, ಒಂದೇ ಒತ್ತಿಗೆ ಚಂದಾ ರದ್ದಾಗುವ ವಿಧಾನವನ್ನು ವಿವರಿಸುವ 2017ರ ಆರ್‌ಎಫ್‌ಸಿ 8058 ಎಂಬ ಅಂತರ್ಜಾಲ ಮಾನದಂಡ, ಸ್ಕ್ಯಾನರ್‌ಗಳು ಲಿಂಕ್ ತೆರೆದ ಮಾತ್ರಕ್ಕೆ ಓದುಗರ ಚಂದಾ ಹೋಗದಿರಲೆಂದೇ ಲಿಂಕ್ ತೆರೆದಾಗ ಹೋಗುವ ಗೆಟ್ ಕೋರಿಕೆಯ ಬದಲು, ಮಾಹಿತಿ ಸಲ್ಲಿಸುವಾಗ ಹೋಗುವ ಪೋಸ್ಟ್ ಕೋರಿಕೆಯನ್ನು ಕಡ್ಡಾಯಗೊಳಿಸಿತು. ಓಪನ್‌ಗಳಿಗೆ ಅಂಥ ರಕ್ಷಣೆಯಿಲ್ಲ, ಇರಲೂ ಸಾಧ್ಯವಿಲ್ಲ. ಓಪನ್‌ಗೂ ಕ್ಲಿಕ್‌ಗೂ ಬೇರೆಬೇರೆ ಸ್ವಿಚ್ ಕೊಟ್ಟಿದ್ದರೆ ನಾನು ಓಪನ್‌ನದನ್ನು ಆಫ್ ಮಾಡಿ ಕ್ಲಿಕ್‌ನದನ್ನು ಉಳಿಸಿಕೊಳ್ಳುತ್ತಿದ್ದೆ. ಇಲ್ಲಿರುವುದು ಎರಡಕ್ಕೂ ಸೇರಿ ಒಂದೇ ಸ್ವಿಚ್.

ಆದ್ದರಿಂದ ಫಿಲ್ಟರ್ ಅನ್ನು ಆನ್ ಇಟ್ಟುಕೊಂಡೇ, ಓಪನ್ ಆಧರಿಸಿದ ಸ್ವಯಂಚಾಲಿತ ಕೆಲಸಗಳನ್ನೆಲ್ಲ ನಿಲ್ಲಿಸಿದ್ದೇವೆ. ಯಾರು ನಿಷ್ಕ್ರಿಯರು ಎಂಬುದನ್ನು ಈಗ ಕ್ಲಿಕ್, ಉತ್ತರ ಮತ್ತು ಚಂದಾದಾರರಾಗಿ ಎಷ್ಟು ದಿನವಾಯಿತು ಎಂಬುದನ್ನು ನೋಡಿ ಕೈಯಾರೆ ತೀರ್ಮಾನಿಸುತ್ತೇವೆ. ಕೆಲಸ ಹೆಚ್ಚಾಗಿದೆ, ಹಣ ಕೊಟ್ಟು ಕೊಂಡ ಅನುಕೂಲ ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ಪತ್ರ ತಲುಪಿಸುವುದಷ್ಟೇ ಬೇಕಾದವರು ಈ ಸೇವೆಯನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಮತ್ತು ಮೂಲ ಲಾಗ್ ಕೈಗೆ ಸಿಗುವವರೆಗೆ ವಾರ್ಷಿಕ ಯೋಜನೆಯಿಂದ ತಿಂಗಳ ಯೋಜನೆಗೆ ಬದಲಾಯಿಸಿಕೊಂಡಿದ್ದೇವೆ.