ಎರಡೂವರೆ ವರ್ಷ ಚುಕ್ಕಿಯ ಊಟ ತೂಗಿದ ಮಷಿನ್: ಮೆಚ್ಚಿದ್ದು, ಸಿಟ್ಟು ಬರಿಸಿದ್ದು

ಇದು ಅಡುಗೆಮನೆಯ ಮಾಮೂಲಿ ಡಿಜಿಟಲ್ ತೂಕದ ಮಷಿನ್. 5 ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ಉಳಿದ ವಿವರವೆಲ್ಲ ಡಬ್ಬದ ಮೇಲಿದೆ, ಓದಿಕೊಳ್ಳಿ. ಕೇಕ್ ಮಾಡುವವರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಇದರಲ್ಲಿ ಒಂದು ದಿನವೂ ಮೈದಾ ತೂಗಿಲ್ಲ. ನಮ್ಮ ಲ್ಯಾಬ್ರಡಾರ್ ಚುಕ್ಕಿಯ ಊಟ ಮಾತ್ರ ತೂಗಿದ್ದೇನೆ, ದಿನಕ್ಕೆ ಎರಡು ಹೊತ್ತು.

ತಂದದ್ದಕ್ಕೆ ಕಾರಣ ನಾಯಿಯ ಡ್ರೈ ಫುಡ್ (ಒಣ ಕಾಳು) ಚೀಲದ ಜೊತೆ ಪುಕ್ಕಟೆ ಬಂದಿದ್ದ ಪ್ಲಾಸ್ಟಿಕ್ ಕಪ್. ಒಂದು ಕಪ್ ಅಂದರೆ 100 ಗ್ರಾಂ ಅಂತ ಚೀಲದ ಮೇಲಿತ್ತು. ದಿನಕ್ಕೆ ಮೂರು ಕಪ್ ಹಾಕುತ್ತಿದ್ದೆವು, ಲೆಕ್ಕ ಸರಿ ಇದೆ ಅಂದುಕೊಂಡಿದ್ದೆವು. ಆದರೆ ಚುಕ್ಕಿ ಮಾತ್ರ ಸೊಂಟವೇ ಇಲ್ಲದ ದಿಂಬಿನ ಹಾಗೆ ಆಗುತ್ತಾ ಹೋದಳು. ಡಾಕ್ಟರು ಪಕ್ಕೆ ಮುಟ್ಟಿ ನೋಡಿ, 'ಎಲುಬು ಎಲ್ಲಿದೆ ಅಂತ ಹುಡುಕಬೇಕಾಗಿದೆಯಲ್ಲ' ಅಂದರು. 33 ಕೆಜಿ. ಇರಬೇಕಾದದ್ದು 27. ಒಂದರಿಂದ ಒಂಬತ್ತರವರೆಗಿನ ಮೈಕಟ್ಟಿನ ಅಂಕದಲ್ಲಿ ನಾಲ್ಕೋ ಐದೋ ಇದ್ದರೆ ಸರಿ. ಇವಳಿಗೆ ಏಳು ಕೊಟ್ಟರು.

ಮಷಿನ್ ಮನೆಗೆ ಬಂದ ಸಂಜೆಯೇ ಒಂದು ಪರೀಕ್ಷೆ ಮಾಡಿದೆ. ಎಲ್ಲರಿಗೂ ಅದೇ ಕಪ್ ಕೊಟ್ಟು, 'ದಿನಾ ಹಾಕೋ ಹಾಗೇ ತುಂಬಿ' ಅಂದೆ. ನಾನು ತುಂಬಿದ್ದು 112 ಗ್ರಾಂ, ತಂಗಿಯದು 121, ಅಪ್ಪನದು 138. 'ಗೋಪುರ ಕಟ್ಟಿದೀರಲ್ಲಪ್ಪಾ' ಅಂದರೆ, 'ಕಪ್ ಒಂದೇ ತಾನೇ, ನಾನೇನು ಎರಡು ಹಾಕಿದ್ನಾ?' ಅಂತ ನನಗೇ ತಿರುಗಿ ಕೇಳಿದರು. ಆ ಆಹಾರದಲ್ಲಿ 100 ಗ್ರಾಂಗೆ 370 ಕ್ಯಾಲೊರಿ. ನನ್ನ ಕಪ್‌ಗೂ ಅಪ್ಪನ ಕಪ್‌ಗೂ 96 ಕ್ಯಾಲೊರಿ ವ್ಯತ್ಯಾಸ! ಮೈದಾನ ಸುತ್ತಿಸಿದ್ದು ಸಾಲದು ಅಂತ ತಿಂಗಳುಗಟ್ಟಲೆ ಕೊರಗಿದ್ದೇನೆ. ತಪ್ಪು ಇದ್ದದ್ದು ಕಪ್‌ನಲ್ಲಿ.

ಹಾಗಾದರೆ ಎಷ್ಟು ಹಾಕಬೇಕು? ಡಾಕ್ಟರು ಹೇಳಿಕೊಟ್ಟ ಲೆಕ್ಕವನ್ನು ಯಾವ ಕ್ಯಾಲ್ಕುಲೇಟರ್‌ನಲ್ಲಾದರೂ ಮಾಡಬಹುದು. ನಾಯಿಯ ತೂಕವನ್ನು ಅದರಿಂದಲೇ ಇನ್ನೆರಡು ಸಲ ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಬೇಕು. 27 ಕೆಜಿಗೆ ಸುಮಾರು 830 ಬರುತ್ತದೆ. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲೊರಿ. ತೂಕವನ್ನೇ ನೇರವಾಗಿ ಗುಣಿಸಿದರೆ ಯಾಕಾಗದು ಅಂದರೆ, ಚಿಕ್ಕ ಪ್ರಾಣಿ ಕೆಜಿ ಲೆಕ್ಕದಲ್ಲಿ ಹೆಚ್ಚು ಸುಡುತ್ತದೆ. 5 ಕೆಜಿಯ ನಾಯಿಗೆ ಕೆಜಿಗೆ 47 ಕ್ಯಾಲೊರಿ ಬೇಕಾದರೆ, ಚುಕ್ಕಿಗೆ 31 ಸಾಕು. ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲೇ ಪ್ರಾಣಿಗಳ ತೂಕಕ್ಕೂ ಅವು ಸುಡುವ ಶಕ್ತಿಗೂ ಇರುವ ಈ ನಂಟನ್ನು ತೋರಿಸಿದ್ದ.

ಆ 830ರ ಮೇಲೆ ಬದುಕಿನ ರೀತಿ ನೋಡಿ ಗುಣಿಸುತ್ತಾರೆ. ಸಂತಾನಹರಣ ಆಗಿರುವ ಬೆಳೆದ ನಾಯಿಗೆ 1.6, ಆಗಿಲ್ಲದ್ದಕ್ಕೆ 1.8, ನಾಲ್ಕು ತಿಂಗಳೊಳಗಿನ ಮರಿಗೆ 3. ತೂಕ ಇಳಿಸಬೇಕಾದವರಿಗೆ ಬರೀ 1, ಅದೂ ಈಗಿನ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ. ಚೀಲದ ಮೇಲಿನ ಪಟ್ಟಿಯಲ್ಲಿ ನಾವು 33 ಕೆಜಿಯ ಸಾಲನ್ನು ನೋಡುತ್ತಿದ್ದೆವು. ದಪ್ಪಗಿರುವುದಕ್ಕೆ ದಪ್ಪಗಿರುವಷ್ಟೇ ಊಟ!

ಒಂದು ಎಚ್ಚರಿಕೆ. ಕ್ಯಾಲೊರಿ ಇಳಿಸಬೇಕು ಅಂತ ಮಾಮೂಲಿ ಆಹಾರವನ್ನೇ ಅರ್ಧ ಮಾಡಬೇಡಿ. ನಾನು ಹಾಗೇ ಮಾಡಲು ಹೊರಟಿದ್ದೆ, ಡಾಕ್ಟರು ತಡೆದರು. ಮಾಮೂಲಿ ಊಟದಷ್ಟು ತಿಂದರೆ ಪ್ರೋಟೀನು, ವಿಟಮಿನ್ನು, ಖನಿಜಗಳು ಸರಿಹೋಗುವಂತೆ ಆ ಕಾಳನ್ನು ಮಾಡಿರುತ್ತಾರೆ. ಊಟ ಅರ್ಧವಾದರೆ ಅವೂ ಅರ್ಧವಾಗುತ್ತವೆ. ಅದಕ್ಕೇ ತೂಕ ಇಳಿಸಲೆಂದೇ ಮಾಡಿದ, 100 ಗ್ರಾಂಗೆ 310 ಕ್ಯಾಲೊರಿಯ ಆಹಾರಕ್ಕೆ ಬದಲಾಯಿಸಿದೆವು. ತಿಂಡಿತಿನಿಸಿಗೆ ದಿನದ ಹತ್ತನೇ ಒಂದು ಭಾಗ, ಅಂದರೆ 80 ಕ್ಯಾಲೊರಿ ಎತ್ತಿಟ್ಟು, ಉಳಿದದ್ದಕ್ಕೆ 240 ಗ್ರಾಂ ಕಾಳು. ಹೊತ್ತಿಗೆ 120.

ಇಲ್ಲಿಂದ ಶುರುವಾಗಿದ್ದೇ ನಮ್ಮ ಮನೆಯ ಬೆಳಗಿನ ಪೂಜೆ. ಆರೂವರೆಗೆ ಮಷಿನ್ ಕಟ್ಟೆಯ ಮೇಲೆ ಬರುತ್ತದೆ. ಗುಂಡಿ ಒತ್ತಿದರೆ 'ಕೀಂಕ್'. ಎಲ್ಲೇ ಮಲಗಿದ್ದರೂ ಚುಕ್ಕಿಯ ಉಗುರಿನ ಟಕಟಕ ಸದ್ದು ಅಡುಗೆಮನೆಯ ಕಡೆ ಹೊರಡುತ್ತದೆ. ಬಟ್ಟಲಿಟ್ಟು ಮತ್ತೆ ಒತ್ತಿ ಸೊನ್ನೆ ಮಾಡುವಾಗ ಎರಡನೇ 'ಕೀಂಕ್'. ಅಷ್ಟರಲ್ಲಿ ಅವಳು ಹೇಳದೆಯೇ ಕೂತಿರುತ್ತಾಳೆ, ಕತ್ತು ಎಡಕ್ಕೆ ವಾಲಿಸಿಕೊಂಡು. ಕೂರಲು ಯಾರೂ ಕಲಿಸಿದ್ದಲ್ಲ, ಮಷಿನ್ ಕಲಿಸಿದ್ದು. ಕಾಳು ಸುರಿಯುವ ಸದ್ದು ನಿಧಾನವಾಗಿ ಹನಿ ಹನಿಯಾಗುತ್ತದೆ. 117, 119, 121. ಹೆಚ್ಚಾದ ಎರಡು ಮೂರು ಕಾಳನ್ನು ತೆಗೆದು ನೇರ ಬಾಯಿಗೇ ಕೊಡುತ್ತೇನೆ. ತಕ್ಕಡಿಯಲ್ಲಿ ಕಳೆದದ್ದು ಹೊಟ್ಟೆಯಲ್ಲಿ ಕೂಡಿತು ಅನ್ನುವುದು ಗೊತ್ತು. ಆದರೂ ಆ ಎರಡು ಕಾಳಿಗೆ ಅವಳು ಮಾಡುವ ಮುಖ ನೋಡಿದರೆ ನೀವೂ 121ಕ್ಕೇ ನಿಲ್ಲಿಸುತ್ತೀರಿ.

ತಿನಿಸಿನ ಲೆಕ್ಕವೂ ಈ ಮಷಿನ್‌ನಿಂದಲೇ ದಾರಿಗೆ ಬಂತು. ರಾತ್ರಿಯೇ ಮರುದಿನದ ತಿನಿಸಿನ ಪಾಲು ತೂಗಿ ಡಬ್ಬಿಗೆ ಹಾಕುತ್ತೇನೆ. ಯಾರಿಗೆ ಎಷ್ಟು ಮುದ್ದು ಬಂದರೂ ಆ ಡಬ್ಬಿಯಿಂದಲೇ ಕೊಡಬೇಕು. ಅಪ್ಪ ಮೊದಲ ವಾರ ಗೊಣಗಿದರು, ಈಗ ಅವರೇ ಕಾವಲುಗಾರರು. 100 ಗ್ರಾಂ ಕ್ಯಾರೆಟ್‌ನಲ್ಲಿ 40ರ ಆಸುಪಾಸು ಕ್ಯಾಲೊರಿ ಅಂತ ತಿಳಿದ ಮೇಲೆ ಅದರ ತುಂಡುಗಳನ್ನು ಕೈ ಬಿಚ್ಚಿ ಕೊಡುತ್ತೇವೆ. ಅದೇ ದೊಡ್ಡ ಚಮಚದ ತುಂಬಾ ಕಡಲೆಕಾಯಿ ಬೆಣ್ಣೆ ಹಾಕಿದರೆ 90 ದಾಟಿತು, ದಿನದ ತಿನಿಸಿನ ಪಾಲು ಮುಗಿಯಿತು. (ಅದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಜೈಲಿಟಾಲ್ ಇಲ್ಲ ಅಂತ ಮೊದಲು ನೋಡಿಕೊಳ್ಳಿ. ಅದು ನಾಯಿಗೆ ವಿಷ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಕೂಡ.)

ಏಳು ತಿಂಗಳು ಹಿಡಿಯಿತು. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡು ಭಾಗ ಇಳಿಯಬಹುದು ಅಂದಿದ್ದರು. ನಮ್ಮವಳು ಅದಕ್ಕೂ ನಿಧಾನ. ಲ್ಯಾಬ್ರಡಾರ್‌ಗಳಲ್ಲಿ ಕೆಲವಕ್ಕೆ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಣುಕೇ ಇರುವುದಿಲ್ಲ, ಅದಕ್ಕೇ ಹಸಿವು ಹೆಚ್ಚು ಅಂತ 2016ರಲ್ಲಿ ಕಂಡುಹಿಡಿದಿದ್ದಾರಂತೆ. ಚುಕ್ಕಿಯ ಜೀನ್ ಯಾರೂ ನೋಡಿಲ್ಲ, ಖಾಲಿ ಬಟ್ಟಲನ್ನು ನೆಲದ ಉದ್ದಕ್ಕೂ ತಳ್ಳುವುದನ್ನು ಮಾತ್ರ ನೋಡಿದ್ದೇವೆ. ನಡುವೆ ಕೈಬಿಡಬೇಕು ಅನಿಸಿದಾಗಲೆಲ್ಲ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತಿತ್ತು. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಕಡಿಮೆ ಊಟ ಕೊಟ್ಟು ಜೀವಮಾನವಿಡೀ ನೋಡಿದ್ದರು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದರೆ, ಇನ್ನೊಂದು ಗುಂಪು ಸುಮಾರು 11.2. ಅಂತೂ 27ಕ್ಕೆ ಬಂದಳು. ಆಮೇಲೆ ಮಾಮೂಲಿ ಆಹಾರಕ್ಕೆ ಮರಳಿ, ದಿನಕ್ಕೆ 270 ಗ್ರಾಂಗೆ ನಿಲ್ಲಿಸಿದೆವು. ತಿನಿಸೂ ಸೇರಿ 1080 ಕ್ಯಾಲೊರಿ. 1.6ರ ಸೂತ್ರದ ಪ್ರಕಾರ 1300ಕ್ಕೂ ಹೆಚ್ಚು ಬೇಕಿತ್ತು. ಅಷ್ಟು ಕೊಟ್ಟಿದ್ದರೆ ಮತ್ತೆ ದಿಂಬೇ. ಸೂತ್ರ ಶುರುಮಾಡಲಿಕ್ಕೆ ಮಾತ್ರ, ಮುಂದಿನದನ್ನು ಪಕ್ಕೆ ಮುಟ್ಟಿಯೇ ನೋಡಬೇಕು.

ಇಲ್ಲಿಯವರೆಗೆ ಮಷಿನ್‌ಗೆ ಐದಕ್ಕೆ ಐದು ಕೊಡುತ್ತಿದ್ದೆ. ಆಮೇಲೆ ಒಂದು ಎಡವಟ್ಟಾಯಿತು.

ಕಳೆದ ವರ್ಷ ಅದೇ ಕಂಪನಿಯ ಬೇರೆ ರುಚಿಯ ಚೀಲ ತಂದೆವು. ಬಣ್ಣ ಬೇರೆ, ಕಾಳು ಅದೇ ಗಾತ್ರ. ತಪ್ಪದೆ 270 ಗ್ರಾಂ ತೂಗಿದೆ. ಮೂರು ತಿಂಗಳಲ್ಲಿ ಚುಕ್ಕಿ 28.1! ಅಪ್ಪನ ಮೇಲೆ ಅನುಮಾನಪಟ್ಟೆ, ತಂಗಿಯ ಮೇಲೆ ಕೂಗಾಡಿದೆ. ಕೊನೆಗೆ ಚೀಲದ ಹಿಂದಿನ ಇರುವೆ ಅಕ್ಷರ ಓದಿದರೆ, ಇದರಲ್ಲಿ ಕೊಬ್ಬು ಹೆಚ್ಚು, 100 ಗ್ರಾಂಗೆ 410 ಕ್ಯಾಲೊರಿ. ದಿನಕ್ಕೆ 108 ಕ್ಯಾಲೊರಿ ನಾನೇ, ನನ್ನ ಕೈಯಾರೆ, ಗ್ರಾಂ ತಪ್ಪದಂತೆ ಹೆಚ್ಚಿಗೆ ಹಾಕಿದ್ದೆ. ಮಷಿನ್ ಸುಳ್ಳು ಹೇಳಿರಲಿಲ್ಲ, ಆದರೆ ಅದಕ್ಕೆ ಗ್ರಾಂ ಬಿಟ್ಟು ಇನ್ನೇನೂ ಗೊತ್ತಿಲ್ಲ. ಮನೆಯವರ ಕ್ಷಮೆ ಕೇಳಿದ್ದಾಯಿತು.

ಚೀಲದ ಮೇಲೆ ಕ್ಯಾಲೊರಿ ಬರೆದಿಲ್ಲದಿದ್ದರೆ ಅಂದಾಜು ಮಾಡಬಹುದು. ನೂರರಲ್ಲಿ ಪ್ರೋಟೀನು, ಕೊಬ್ಬು, ತೇವಾಂಶ, ನಾರು, ಬೂದಿಯ (ಅಂದರೆ ಖನಿಜಗಳ) ಅಂಶ ಕಳೆದರೆ ಉಳಿದದ್ದು ಕಾರ್ಬೊಹೈಡ್ರೇಟ್. ಪ್ರೋಟೀನಿಗೂ ಅದಕ್ಕೂ ಗ್ರಾಂಗೆ 3.5, ಕೊಬ್ಬಿಗೆ 8.5. ಪ್ರೋಟೀನು 24, ಕೊಬ್ಬು 14, ಕಾರ್ಬೊಹೈಡ್ರೇಟ್ 42 ಇರುವ ಕಾಳಿಗೆ ಹೀಗೆ 350 ಬರುತ್ತದೆ. ಡಬ್ಬಿಯ ಹಸಿ ಆಹಾರದಲ್ಲಿ ಪ್ರೋಟೀನು 8 ಅಂತ ಕಂಡು ಮೂಗು ಮುರಿಯುವ ಮುಂಚೆ ಅದರಲ್ಲಿ ಮುಕ್ಕಾಲು ಪಾಲು ನೀರು ಅನ್ನುವುದು ನೆನಪಿರಲಿ. ನೀರು ಕಳೆದು ನೋಡಿದರೆ ಒಣ ಕಾಳಿಗಿಂತ ಅದರಲ್ಲೇ ಪ್ರೋಟೀನು ಹೆಚ್ಚಿರಬಹುದು.

ಸಿಟ್ಟು ಬಂದ ಮೇಲೆ ಮಷಿನ್‌ನ ಬೇರೆ ಕೊರತೆಗಳೂ ಕಾಣತೊಡಗಿದವು. ಅಗಲ ಬಟ್ಟಲಿಟ್ಟರೆ ಅಂಕೆ ಬಟ್ಟಲ ಕೆಳಗೆ ಅಡಗುತ್ತದೆ, ಬಗ್ಗಿ ಇಣುಕಬೇಕು. ಎರಡು ನಿಮಿಷ ಮುಟ್ಟದಿದ್ದರೆ ಆರಿಹೋಗುತ್ತದೆ, ಫೋನ್ ಬಂತೆಂದರೆ ಮೊದಲಿಂದ ಸುರಿಯಬೇಕು. ಎಲ್ಲಕ್ಕಿಂತ ಕಿರಿಕಿರಿ ಇನ್ನೊಂದು: ಒಂದೊಂದೇ ಕಾಳು ನಿಧಾನವಾಗಿ ಉದುರಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹತ್ತು ಕಾಳು ಬಿದ್ದಿದ್ದರೂ 117ರಲ್ಲೇ ಕೂತಿರುತ್ತದೆ. ಬಟ್ಟಲು ಎತ್ತಿ ಮತ್ತೆ ಇಟ್ಟರೆ ಆಗ ನಿಜ ಒಪ್ಪಿಕೊಳ್ಳುತ್ತದೆ.

ಮತ್ತೊಂದು ಕೊಳ್ಳುವುದಾದರೆ ಅಂಕೆ ಮುಂದಕ್ಕೆ ಚಾಚಿಕೊಂಡಿರುವಂಥದ್ದನ್ನು ತರುತ್ತೇನೆ. ಸದ್ಯಕ್ಕೆ ಇದೇ ಸಾಕು, ಐದಕ್ಕೆ ನಾಲ್ಕು. ಹೊಸ ಚೀಲ ಬಿಚ್ಚಿದ ದಿನ ಅದರ ಕ್ಯಾಲೊರಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಮಷಿನ್‌ನ ಬೆನ್ನಿಗೆ ಅಂಟಿಸುವುದು ಈಗ ತಂಗಿಯ ಕೆಲಸ. ಆ ಹಳೇ ಕಪ್ ಬಟ್ಟೆ ಸೋಪಿನ ಪುಡಿಯ ಡಬ್ಬಿಯಲ್ಲಿದೆ. ಅಪ್ಪ ಅಲ್ಲೂ ಗೋಪುರ ಕಟ್ಟುತ್ತಾರೆ.