ಎಂಟು ವಾರ, ಒಂದು ಹಳೆಯ ಪ್ರಶ್ನೆ: ಕ್ಯಾಥೋಲಿಕ್ ಶಾಂತಿಕಾರ್ಯದ ಆನ್‌ಲೈನ್ ಕೋರ್ಸೊಂದರ ವಿಮರ್ಶೆ

ಕ್ಯಾಥೋಲಿಕ್ ಧರ್ಮಸಭೆಯ ಶಾಂತಿಕಾರ್ಯ ಮತ್ತು ಅಹಿಂಸೆಯ ಪ್ರತಿಪಾದನೆಯನ್ನು ಕುರಿತ ಎಂಟು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ವಾರಕ್ಕೆ ಎರಡು ವಿಡಿಯೊ ಉಪನ್ಯಾಸ, ಓದಲು ಒಂದಷ್ಟು ಪುಟ, ವಾರಾಂತ್ಯದಲ್ಲಿ ಒಂದು ನೇರ ಚರ್ಚೆ, ಇಡೀ ಕೋರ್ಸಿಗೆ ಎರಡು ಬರಹದ ಕೆಲಸ. ಇಷ್ಟು ಅದರ ಸ್ವರೂಪ. ನಡೆಸಿದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳಲಿರುವ ದೂರುಗಳೂ ಮೆಚ್ಚುಗೆಯೂ ಈ ವಿಷಯವನ್ನು ಯಾರೇ ಕಲಿಸಹೊರಟರೂ ಅನ್ವಯಿಸುವಂಥವು ಎಂಬುದು ನನ್ನ ಅನಿಸಿಕೆ. ಶಾಂತಿಯ ಕೆಲಸ ನಿಜವಾಗಿ ಹೇಗೆ ನಡೆಯಿತು, ಅಂದರೆ ಯಾರು ಯಾರ ಎದುರು ಎಷ್ಟು ದಿನ ಕುಳಿತರು, ಯಾವ ಮಾತಿಗೆ ಒಪ್ಪಿದರು, ಯಾವ ಮಾತಿಗೆ ಎದ್ದುಹೋದರು ಎಂಬುದನ್ನು ತೋರಿಸಿದ ಕಡೆಗಳಲ್ಲೆಲ್ಲ ಈ ಕೋರ್ಸ್ ಗಟ್ಟಿಯಾಗಿದೆ. ಪುಣ್ಯಪುರುಷರ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿ ಕೈಮುಗಿದ ಕಡೆಗಳಲ್ಲಿ ಸಪ್ಪೆಯಾಗಿದೆ.

ಮೊದಲ ವಾರದ ಪಾಠ ಎರಡನೆಯ ಮಹಾಯುದ್ಧದ ಫ್ರಾನ್ಸಿನಿಂದ ಆರಂಭವಾಗುತ್ತದೆ. ಮೊಂತೊಬಾನ್‌ನ ಧರ್ಮಾಧ್ಯಕ್ಷ (ಬಿಷಪ್) ಪಿಯೆರ್-ಮರಿ ತೆಯಾಸ್ 1942ರಲ್ಲಿ ಯೆಹೂದ್ಯರ ಗಡೀಪಾರನ್ನು ಬಹಿರಂಗವಾಗಿ ಖಂಡಿಸಿದ್ದರು. 1944ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಸೆರೆಹಿಡಿಯಿತು. ಸೆರೆಶಿಬಿರದಲ್ಲಿದ್ದುಕೊಂಡೇ ಅವರು ಶತ್ರುವನ್ನು ಪ್ರೀತಿಸುವ ಶುಭಸಂದೇಶದ ಮಾತನ್ನು ಸಹಬಂದಿಗಳ ಮುಂದೆ ಇಟ್ಟರು. ಅದೇ ಹೊತ್ತಿನಲ್ಲಿ ಮಾರ್ತ್ ದೊರ್ತೆಲ್-ಕ್ಲೊದೊ ಎಂಬ ಶಿಕ್ಷಕಿ, ತನ್ನ ದೇಶವನ್ನು ಆಕ್ರಮಿಸಿದ್ದ ಜರ್ಮನಿಯ ಜನರಿಗಾಗಿ ಪ್ರಾರ್ಥಿಸಬೇಕೆಂಬ ಹಂಬಲ ಹೊತ್ತಿದ್ದರು. ಈ ಇಬ್ಬರ ಪ್ರಯತ್ನದಿಂದ 1945ರಲ್ಲಿ ಹುಟ್ಟಿದ್ದೇ ಪಾಕ್ಸ್ ಕ್ರಿಸ್ತಿ, ಅಂದರೆ ‘ಕ್ರಿಸ್ತನ ಶಾಂತಿ’. ಇಂದು ಜಗತ್ತಿನ ಹಲವು ದೇಶಗಳಲ್ಲಿ ಬೇರುಬಿಟ್ಟಿರುವ ಈ ಚಳವಳಿಯ ಮೂಲದಲ್ಲಿ ಒಬ್ಬ ಧರ್ಮಾಧ್ಯಕ್ಷರಷ್ಟೇ ಅಲ್ಲ, ಒಬ್ಬ ಸಾಮಾನ್ಯ ಶಿಕ್ಷಕಿಯೂ ಇದ್ದರು ಎಂಬುದನ್ನು ಉಪನ್ಯಾಸಕಿ ಒತ್ತಿ ಹೇಳಿದ್ದು ನನಗೆ ಹಿಡಿಸಿತು. ಪೋಪರಿಂದ ಕೆಳಗಿಳಿದು ಬರುವ ಕಥೆಯನ್ನಷ್ಟೇ ನಿರೀಕ್ಷಿಸಿ ಕುಳಿತವರಿಗೆ ಇದು ಒಳ್ಳೆಯ ಎಚ್ಚರಿಕೆ.

ಎರಡನೆಯ ವಾರ ದಾಖಲೆಗಳದ್ದು. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಬೆನ್ನಿಗೇ, 1963ರ ಏಪ್ರಿಲ್ 11ರಂದು, ಪೋಪ್ ಇಪ್ಪತ್ತಮೂರನೆಯ ಜಾನ್ ಹೊರಡಿಸಿದ ‘ಪಾಚೆಮ್ ಇನ್ ತೆರಿಸ್’ (ಭೂಮಿಯಲ್ಲಿ ಶಾಂತಿ) ಎಂಬ ವಿಶ್ವಪತ್ರ, ಎರಡನೆಯ ವ್ಯಾಟಿಕನ್ ಮಹಾಸಭೆಯ ನಿರ್ಣಯಗಳು, 1968ರ ಜನವರಿ 1ರಿಂದ ಆರನೆಯ ಪೌಲರು ಆರಂಭಿಸಿದ ವಿಶ್ವ ಶಾಂತಿ ದಿನ, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಪಟ್ಟಿ ಸರಿಯಾಗಿದೆ, ಪಾಠ ಒಣಗಿದೆ. ಆತುರವಿರುವವರು ಕೊಟ್ಟಿರುವ ಪುಟಗಳನ್ನು ಓದಿ ವಿಡಿಯೊಗಳನ್ನು ಬಿಟ್ಟುಬಿಡಬಹುದು.

ಮೂರನೆಯ ವಾರದಿಂದ ಕೋರ್ಸಿಗೆ ಜೀವ ಬರುತ್ತದೆ, ಏಕೆಂದರೆ ಅಲ್ಲಿ ಜಗಳವಿದೆ. 2016ರ ಏಪ್ರಿಲ್ 11ರಿಂದ 13ರವರೆಗೆ ರೋಮಿನಲ್ಲಿ ಪಾಕ್ಸ್ ಕ್ರಿಸ್ತಿ ಇಂಟರ್‌ನ್ಯಾಷನಲ್ ಮತ್ತು ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿ ಜೊತೆಗೂಡಿ ಒಂದು ಸಮಾವೇಶ ನಡೆಸಿದವು. ಸಂಘರ್ಷದ ನೆಲಗಳಿಂದ ಬಂದವರೂ ಸೇರಿ ಸುಮಾರು 80 ಮಂದಿ ಅಲ್ಲಿದ್ದರು. ಕೊನೆಗೆ ಅವರು ಹೊರಡಿಸಿದ ಮನವಿ, ‘ನ್ಯಾಯಯುತ ಯುದ್ಧ’ದ, ಅಂದರೆ ಕೆಲವು ಷರತ್ತುಗಳು ಈಡೇರಿದರೆ ಯುದ್ಧವನ್ನು ಒಪ್ಪಬಹುದು ಎನ್ನುವ ಸಿದ್ಧಾಂತವನ್ನು ಧರ್ಮಸಭೆ ಇನ್ನು ಮುಂದೆ ಬಳಸಬಾರದು, ಬೋಧಿಸಲೂಬಾರದು ಎಂದು ಕೇಳಿತು. ಸಂತ ಅಗಸ್ಟೀನರಿಂದ, ಸಂತ ಥಾಮಸ್ ಅಕ್ವಿನಾಸರಿಂದ ಬಂದ, ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಚೌಕಟ್ಟನ್ನು ಬದಿಗಿಡಿ ಎಂದು ಹೇಳುವುದು ಸಣ್ಣ ಮಾತಲ್ಲ. ಕ್ಯಾಥೋಲಿಕ್ ಅಹಿಂಸಾ ಉಪಕ್ರಮ ರೂಪುಗೊಂಡದ್ದು ಈ ಸಮಾವೇಶದಿಂದಲೇ. ಮುಂದಿನ ವರ್ಷದ ಶಾಂತಿ ದಿನದ ಸಂದೇಶವನ್ನು ಪೋಪ್ ಫ್ರಾನ್ಸಿಸ್ ಪೂರ್ತಿಯಾಗಿ ಅಹಿಂಸೆಗೆ ಮೀಸಲಿಟ್ಟರು. ಅದರಲ್ಲಿ ಗಾಂಧೀಜಿಯವರ ಜೊತೆಗೆ ಖಾನ್ ಅಬ್ದುಲ್ ಗಫಾರ್ ಖಾನರನ್ನೂ ಮಾರ್ಟಿನ್ ಲೂಥರ್ ಕಿಂಗರನ್ನೂ ನೆನೆದರು. 2020ರ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದ 258ನೆಯ ಪರಿಚ್ಛೇದದಲ್ಲಿ, ಹಿಂದಿನ ಶತಮಾನಗಳು ರೂಪಿಸಿದ ಮಾನದಂಡಗಳನ್ನು ಹಿಡಿದು ‘ನ್ಯಾಯಯುತ ಯುದ್ಧ’ದ ಸಾಧ್ಯತೆಯನ್ನು ಮಾತನಾಡುವುದು ಇಂದು ಬಹಳ ಕಷ್ಟ ಎಂದರು. ಆದರೂ ಧರ್ಮೋಪದೇಶ ಗ್ರಂಥದ 2309ನೆಯ ಪರಿಚ್ಛೇದದಲ್ಲಿ ಸಶಸ್ತ್ರ ಆತ್ಮರಕ್ಷಣೆಯ ಷರತ್ತುಗಳು ಹಾಗೆಯೇ ಉಳಿದಿವೆ. ಬಾಗಿಲನ್ನು ಮುಚ್ಚಿದರೇ, ಓರೆಮಾಡಿದರೇ ಎಂಬ ಪ್ರಶ್ನೆಗೆ ಉಪನ್ಯಾಸಕರು ಸ್ಪಷ್ಟ ಉತ್ತರ ಕೊಡಲಿಲ್ಲ. ಕೊಡಲು ಸಾಧ್ಯವೂ ಇಲ್ಲವೆನ್ನಿ.

ಕನ್ನಡದ ಓದುಗರಿಗೆ ಇಲ್ಲೊಂದು ತೊಡಕಿದೆ. ಈ ಸಿದ್ಧಾಂತದ ಹೆಸರನ್ನು ‘ಧರ್ಮಯುದ್ಧ’ ಎಂದು ಕನ್ನಡಿಸಿಕೊಂಡರೆ ಕುರುಕ್ಷೇತ್ರ ಕಣ್ಣೆದುರು ಬರುತ್ತದೆ. ಮೇಲಾಗಿ ಜೆರೂಸಲೇಮಿಗಾಗಿ ನಡೆದ ಶಿಲುಬೆಯ ಯುದ್ಧಗಳಿಗೂ ನಾವು ಅದೇ ಪದವನ್ನು ಬಳಸುತ್ತ ಬಂದಿದ್ದೇವೆ. ಅಗಸ್ಟೀನರು ಹೇಳಿದ್ದು ಇವೆರಡೂ ಅಲ್ಲ. ಯುದ್ಧವನ್ನು ಪವಿತ್ರಗೊಳಿಸುವುದಕ್ಕಿಂತ ಅದಕ್ಕೆ ಕಡಿವಾಣ ಹಾಕುವುದು ಆ ಸಿದ್ಧಾಂತದ ಉದ್ದೇಶವೆಂದು ಅದರ ಪರವಾಗಿರುವವರು ವಾದಿಸುತ್ತಾರೆ. ಈ ವಾದವನ್ನು ಅದನ್ನು ನಂಬುವವರ ಬಾಯಿಂದಲೇ ಕೇಳಿಸಬೇಕಿತ್ತು. ಕೋರ್ಸಿನಲ್ಲಿ ಮಾತನಾಡಿದ ಮೂವರೂ 2016ರ ಮನವಿಯ ಪಕ್ಷದವರೇ. ಎದುರಾಳಿಯ ವಾದವನ್ನು ತಾವೇ ಹೇಳಿ ತಾವೇ ಉರುಳಿಸಿದರು. ಆಕ್ರಮಣಕ್ಕೆ ಒಳಗಾದ ದೇಶವೊಂದು ಏನು ಮಾಡಬೇಕೆಂದು ನೇರ ಚರ್ಚೆಯಲ್ಲಿ ಒಬ್ಬರು ಕೇಳಿದಾಗ, ಮುಂದಿನ ವಾರಕ್ಕೆ ಎತ್ತಿಟ್ಟ ಆ ಪ್ರಶ್ನೆ ಮತ್ತೆ ಹೊರಗೆ ಬರಲೇ ಇಲ್ಲ.

ಈ ಕೋರ್ಸಿಗೆ ಕೊಟ್ಟ ಸಮಯವನ್ನು ಸಾರ್ಥಕಗೊಳಿಸಿದ್ದು ಮೊಜಾಂಬಿಕ್ ಕುರಿತ ನಾಲ್ಕನೆಯ ವಾರ. 1977ರಿಂದ ಫ್ರೆಲಿಮೊ ಸರ್ಕಾರಕ್ಕೂ ರೆನಾಮೊ ಬಂಡಾಯಗಾರರಿಗೂ ನಡೆದ ಯುದ್ಧದಲ್ಲಿ ಹಸಿವೆಯೂ ಸೇರಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದನ್ನು ನಿಲ್ಲಿಸಿದ ಮಾತುಕತೆ ನಡೆದದ್ದು ರೋಮಿನ ತ್ರಾಸ್ತೆವೆರೆಯ ಹಳೆಯ ಕನ್ಯಾಮಠವೊಂದರಲ್ಲಿ. ಆತಿಥ್ಯ ವಹಿಸಿದ್ದು 1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಎಂಬ ವಿದ್ಯಾರ್ಥಿ ಆರಂಭಿಸಿದ ಸಂತ ಎಜಿದಿಯೊ ಸಮುದಾಯ. ಮಧ್ಯಸ್ಥರು ನಾಲ್ವರು: ರಿಕ್ಕಾರ್ದಿ, ಆಗಿನ್ನೂ ಸಾಮಾನ್ಯ ಪಾದ್ರಿಯಾಗಿದ್ದು ಮುಂದೆ ಕಾರ್ಡಿನಲ್ ಆದ ಮತ್ತೆಯೊ ಜುಪ್ಪಿ, ಮೊಜಾಂಬಿಕ್ಕಿನ ಬೇರಾ ನಗರದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವಿಸ್ ಮತ್ತು ಇಟಲಿಯ ರಾಜಕಾರಣಿ ಮಾರಿಯೊ ರಫಾಯೆಲ್ಲಿ. 1990ರ ಜುಲೈಯಲ್ಲಿ ಆರಂಭವಾದ ಮಾತು 1992ರ ಅಕ್ಟೋಬರ್ 4ರಂದು ಒಪ್ಪಂದವಾಗಿ ಮುಗಿಯುವಷ್ಟರಲ್ಲಿ 27 ತಿಂಗಳು ಕಳೆದಿದ್ದವು.

ಉಪನ್ಯಾಸಕರು ಆ 27 ತಿಂಗಳನ್ನು ಬಿಡಿಸಿ ತೋರಿಸಿದ ಬಗೆ ಮೆಚ್ಚುವಂಥದ್ದು. ಮೊದಲ ಸುತ್ತಿನಲ್ಲಿ ಎರಡೂ ಕಡೆಯವರು ಒಪ್ಪಿಕೊಂಡದ್ದು ಹೆಚ್ಚೇನನ್ನೂ ಅಲ್ಲ. ನಾವು ಒಂದೇ ದೇಶದವರು, ಒಂದೇ ದೊಡ್ಡ ಕುಟುಂಬದವರು ಎಂಬ ಸಾಲನ್ನು ಮಾತ್ರ. ಆದರೆ ಅದುವರೆಗೆ ಎದುರಾಳಿಯನ್ನು ಕೊಳ್ಳೆಗಾರ, ಕೈಗೊಂಬೆ ಎಂದು ಕರೆಯುತ್ತಿದ್ದವರಿಗೆ ಆ ಸಾಲು ಎಷ್ಟು ದುಬಾರಿಯಾಗಿತ್ತು ಎಂಬುದನ್ನು ಅವರು ನಿಧಾನವಾಗಿ ವಿವರಿಸಿದರು. ಮಧ್ಯಸ್ಥರ ಕೈಯಲ್ಲಿ ಸೈನ್ಯವಿರಲಿಲ್ಲ, ದಂಡಿಸುವ ಅಧಿಕಾರವಿರಲಿಲ್ಲ. ಆ ದೇಶಕ್ಕೆ ವರ್ಷಗಳಿಂದ ನೆರವು ಕಳುಹಿಸುತ್ತ ಬಂದಿದ್ದರಿಂದ ಗಳಿಸಿದ್ದ ನಂಬಿಕೆ ಮಾತ್ರ ಇತ್ತು. ಹಾಗೆಂದು ಎಲ್ಲವನ್ನೂ ಪ್ರಾರ್ಥನೆಯ ಲೆಕ್ಕಕ್ಕೆ ಬರೆಯಲಿಲ್ಲ ಎಂಬುದನ್ನೂ ಹೇಳಬೇಕು. ಇಟಲಿಯ ಸರ್ಕಾರದ ಬೆಂಬಲ, ಶೀತಲ ಸಮರದ ಅಂತ್ಯ, ಬರಗಾಲದಿಂದ ಎರಡೂ ಪಡೆಗಳು ಸೋತುಹೋಗಿದ್ದುದು, ಆಮೇಲೆ ವಿಶ್ವಸಂಸ್ಥೆಯ ಶಾಂತಿಪಡೆ ಬಂದದ್ದು, ಇವೆಲ್ಲಕ್ಕೂ ಸಲ್ಲಬೇಕಾದ ಪಾಲು ಸಂದಿದೆ. 1994ರ ಚುನಾವಣೆಯಲ್ಲಿ ಪಾಠ ಮುಗಿಸಿಬಿಡದೆ, 2013ರಲ್ಲಿ ರೆನಾಮೊ ಮತ್ತೆ ಶಸ್ತ್ರ ಹಿಡಿದದ್ದನ್ನೂ 2019ರಲ್ಲಿ ಹೊಸ ಒಪ್ಪಂದ ಬೇಕಾದದ್ದನ್ನೂ ಹೇಳಿದರು. ಇಡೀ ಕೋರ್ಸ್ ಈ ಮಟ್ಟದಲ್ಲಿ ಇದ್ದಿದ್ದರೆ ನಾನು ಇಷ್ಟುದ್ದ ಬರೆಯುವ ಅಗತ್ಯವಿರುತ್ತಿರಲಿಲ್ಲ.

ಐದನೆಯ ವಾರದ ಫಿಲಿಪ್ಪೀನ್ಸ್ ಪಾಠ ಅಷ್ಟು ಬಿಗಿಯಾಗಿಲ್ಲ. 1986ರ ಫೆಬ್ರುವರಿ 22ರಿಂದ 25ರವರೆಗೆ ಸರ್ವಾಧಿಕಾರಿ ಮಾರ್ಕೋಸ್ ವಿರುದ್ಧ ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ಜನ ತುಂಬಿದ್ದು, ಕಾರ್ಡಿನಲ್ ಜೈಮೆ ಸಿನ್ ರೇಡಿಯೊ ವೆರಿತಾಸ್ ಮೂಲಕ ಕರೆಕೊಟ್ಟದ್ದು, ಜಪಮಾಲೆ ಹಿಡಿದ ಕನ್ಯಾಸ್ತ್ರೀಯರು ಟ್ಯಾಂಕುಗಳೆದುರು ಮೊಣಕಾಲೂರಿದ್ದು, ಇವೆಲ್ಲ ಎಲ್ಲರೂ ಬಲ್ಲ ಚಿತ್ರಗಳು. ಅವುಗಳ ಹಿಂದಿನ ತಯಾರಿಯನ್ನು ತೋರಿಸಿದ ಹದಿನೈದು ನಿಮಿಷಗಳು ಮಾತ್ರ ಚಿನ್ನ: ಯುರೋಪಿನ ಅಹಿಂಸಾ ಕಾರ್ಯಕರ್ತರಾದ ಹಿಲ್ಡೆಗಾರ್ಡ್ ಗಾಸ್-ಮಾಯರ್ ಮತ್ತು ಜಾನ್ ಗಾಸ್ ದಂಪತಿ ಎರಡು ವರ್ಷ ಮೊದಲೇ ಅಲ್ಲಿಗೆ ಹೋಗಿ ಅಹಿಂಸೆಯ ತರಬೇತಿ ಆರಂಭಿಸಿದ್ದರು, ಚುನಾವಣೆಯಲ್ಲಿ ಮೋಸ ನಡೆದಿದೆಯೆಂದು ಧರ್ಮಾಧ್ಯಕ್ಷರ ಮಂಡಳಿ ಹೆದ್ದಾರಿ ತುಂಬುವುದಕ್ಕೂ ಮುನ್ನವೇ ಬಹಿರಂಗವಾಗಿ ಸಾರಿತ್ತು. ಆದರೆ ಅದೆಲ್ಲ ಆರಂಭವಾದದ್ದು ರಕ್ಷಣಾ ಸಚಿವ ಎನ್ರಿಲೆ ಮತ್ತು ಸೇನಾಧಿಕಾರಿ ರಾಮೋಸ್ ಸರ್ಕಾರದ ವಿರುದ್ಧ ತಿರುಗಿಬಿದ್ದು ಶಿಬಿರ ಸೇರಿದ್ದರಿಂದ, ಜನ ಮೊದಲು ಬಂದದ್ದು ಶಸ್ತ್ರಧಾರಿಗಳನ್ನೇ ಕಾಪಾಡಲು, ಎಂಬ ತೊಡಕಿನ ಸಂಗತಿ ಒಂದೇ ವಾಕ್ಯದಲ್ಲಿ ಹಾದುಹೋಯಿತು. ಅಹಿಂಸೆಯ ವಿದ್ಯಾರ್ಥಿ ಕೂತು ಯೋಚಿಸಬೇಕಾದ ಜಾಗವೇ ಅದು.

ಈ ವಾರದಲ್ಲೇ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಅವರ ಅಧ್ಯಯನ ಬರುತ್ತದೆ. 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿ, ಅಹಿಂಸಾತ್ಮಕವಾದವುಗಳಲ್ಲಿ ಶೇ. 53, ಸಶಸ್ತ್ರವಾದವುಗಳಲ್ಲಿ ಶೇ. 26 ಗೆದ್ದಿವೆ ಎಂದು ಅವರು ತೋರಿಸಿದ್ದರು. ಮುಖ್ಯವಾದ ಕೆಲಸ, ನಿಜ. ಆದರೆ ಮುಂದಿನ ಮೂರು ವಾರಗಳಲ್ಲಿ ಯಾವ ಕಠಿಣ ಪ್ರಶ್ನೆ ಬಂದರೂ ಇದೇ ಎರಡು ಅಂಕಿಗಳನ್ನು ಮಂತ್ರದಂತೆ ಪಠಿಸಲಾಯಿತು. ಅಹಿಂಸಾ ಚಳವಳಿಗಳಲ್ಲೂ ಅರ್ಧಕ್ಕೆ ಹತ್ತಿರದಷ್ಟು ಪೂರ್ಣವಾಗಿ ಗೆದ್ದಿಲ್ಲ ಎಂಬುದನ್ನು ಅದೇ ಅಂಕಿ ಹೇಳುತ್ತದಲ್ಲವೇ?

ಆರನೆಯ ವಾರ ಉತ್ತರ ಉಗಾಂಡಾಕ್ಕೆ ಸೇರಿದ್ದು. ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡಾಯ ಪಡೆಯ ಅಪಹರಣಕ್ಕೆ ಹೆದರಿ ಸಾವಿರಾರು ಮಕ್ಕಳು ಪ್ರತಿದಿನ ಸಂಜೆ ಹಳ್ಳಿಗಳಿಂದ ನಡೆದು ಬಂದು ಗುಲು ಪಟ್ಟಣದ ಜಗಲಿಗಳಲ್ಲಿ ಮಲಗುತ್ತಿದ್ದ ಕಾಲವದು. 2003ರಲ್ಲಿ ಮಹಾಧರ್ಮಾಧ್ಯಕ್ಷ ಜಾನ್ ಬ್ಯಾಪ್ಟಿಸ್ಟ್ ಒಡಾಮಾ ಇತರ ಧರ್ಮಗಳ ಮುಖಂಡರೊಂದಿಗೆ ಆ ಮಕ್ಕಳ ಜೊತೆ ಬೀದಿಯಲ್ಲಿ ರಾತ್ರಿ ಕಳೆದರು. ಕ್ಯಾಥೋಲಿಕ್, ಆಂಗ್ಲಿಕನ್, ಆರ್ಥಡಾಕ್ಸ್ ಮತ್ತು ಮುಸ್ಲಿಂ ಮುಖಂಡರು ಒಟ್ಟಾಗಿ ಕಟ್ಟಿದ ಅಚೋಲಿ ಧಾರ್ಮಿಕ ಮುಖಂಡರ ಶಾಂತಿ ವೇದಿಕೆ, ಬಂಡಾಯಗಾರರಿಗೆ ಕ್ಷಮಾದಾನ ನೀಡುವ 2000ದ ಕಾಯಿದೆಗಾಗಿ ಒತ್ತಾಯಿಸಿತ್ತು. ಅದರ ಸದಸ್ಯರು ಕಾಡಿಗೇ ಹೋಗಿ ಬಂಡಾಯಗಾರರನ್ನು ಕಂಡು ಬಂದಿದ್ದರು. ಬಂಡಾಯಗಾರರಲ್ಲಿ ಬಹಳಷ್ಟು ಮಂದಿ ಒಮ್ಮೆ ಅಪಹರಣಗೊಂಡಿದ್ದ ತಮ್ಮದೇ ಊರಿನ ಮಕ್ಕಳು ಎಂಬುದನ್ನು ತಿಳಿದ ಮೇಲೆ ಆ ಬೇಡಿಕೆಯ ಅರ್ಥ ಬೇರೆಯಾಗುತ್ತದೆ. 2008ರಲ್ಲಿ ಬಂಡಾಯಗಾರರ ನಾಯಕ ಜೋಸೆಫ್ ಕೋನಿ ಅಂತಿಮ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಆ ಸೋಲನ್ನು ಪಾಠ ಮುಚ್ಚಿಡಲಿಲ್ಲ.

ಏಳನೆಯ ವಾರವೇ ನನ್ನ ದೊಡ್ಡ ದೂರು. ಶೀರ್ಷಿಕೆ ‘ಸಾಕ್ಷಿಗಳು’. 1943ರಲ್ಲಿ ಹಿಟ್ಲರನ ಸೈನ್ಯದಲ್ಲಿ ಹೋರಾಡಲು ನಿರಾಕರಿಸಿ ಶಿರಚ್ಛೇದಕ್ಕೆ ಗುರಿಯಾದ ಆಸ್ಟ್ರಿಯಾದ ರೈತ ಫ್ರಾನ್ಸ್ ಯೆಗರ್‌ಶ್ಟೆಟರ್, 1980ರ ಮಾರ್ಚ್ 24ರಂದು ಬಲಿಪೂಜೆಯ ವೇಳೆ ಗುಂಡಿಗೆ ಬಲಿಯಾದ ಎಲ್ ಸಾಲ್ವಡಾರಿನ ಸಂತ ಆಸ್ಕರ್ ರೊಮೆರೊ, ಗ್ವಾಟೆಮಾಲಾದ ಹತ್ಯಾಕಾಂಡಗಳ ಸಾಕ್ಷ್ಯವನ್ನು ಸಂಗ್ರಹಿಸಿ ಪ್ರಕಟಿಸಿದ ಎರಡೇ ದಿನಕ್ಕೆ, 1998ರ ಏಪ್ರಿಲ್ 26ರಂದು ಕೊಲೆಯಾದ ಧರ್ಮಾಧ್ಯಕ್ಷ ಹುವಾನ್ ಹೆರಾರ್ದಿ: ಮೂವರನ್ನೂ ಮೆರವಣಿಗೆಯಲ್ಲಿ ಕರೆದೊಯ್ಯಲಾಯಿತು. ಯೆಗರ್‌ಶ್ಟೆಟರರಿಗೆ ಅವರ ಸ್ವಂತ ಧರ್ಮಾಧ್ಯಕ್ಷರೇ ಸೈನ್ಯ ಸೇರಲು ಬುದ್ಧಿ ಹೇಳಿದ್ದರು. ಆ ಸಂಗತಿಯನ್ನು ಬಿಟ್ಟು ಆ ರೈತನ ಕಥೆ ಹೇಳಿದರೆ ಅದು ಅರ್ಧ ಕಥೆ.

ಅದೇ ವಾರದ ಕೊನೆಯಲ್ಲಿ ರುವಾಂಡಾಕ್ಕೆ ಸಿಕ್ಕಿದ್ದು ಹತ್ತು ನಿಮಿಷ. 1994ರಲ್ಲಿ ತುತ್ಸಿ ಸಮುದಾಯದ ನರಮೇಧ ನಡೆದಾಗ ಆ ದೇಶದ ಬಹುಸಂಖ್ಯಾತರು ಕ್ಯಾಥೋಲಿಕರು. ಆಶ್ರಯ ಅರಸಿ ಚರ್ಚುಗಳಿಗೆ ಓಡಿಬಂದವರನ್ನು ಅಲ್ಲೇ ಕೊಲ್ಲಲಾಯಿತು. ನ್ಯಾಂಗೆಯಲ್ಲಿ ಜನರಿದ್ದ ಚರ್ಚನ್ನು ಬುಲ್ಡೋಜರಿನಿಂದ ಉರುಳಿಸಿದ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ಚರ್ಚಿನ ಗುರುವನ್ನೇ ಅಪರಾಧಿಯೆಂದು ತೀರ್ಮಾನಿಸಿತು. 2017ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಯಾಚಿಸಿದರು. ಅಮೆರಿಕದ ಕ್ಯಾಥೋಲಿಕ್ ರಿಲೀಫ್ ಸರ್ವೀಸಸ್ ಈ ನರಮೇಧದ ನಂತರ, ಆಹಾರ, ನೆರವು ಹಂಚಿದರೆ ಸಾಲದು, ಅನ್ಯಾಯದ ಬೇರನ್ನು ನೋಡಬೇಕೆಂದು ತನ್ನ ಕೆಲಸದ ರೀತಿಯನ್ನೇ ಮರುಚಿಂತಿಸಿತು. ಅಂದರೆ ಇಂದಿನ ಕ್ಯಾಥೋಲಿಕ್ ಶಾಂತಿಕಾರ್ಯದ ಒಂದು ದೊಡ್ಡ ಪಾಲು ಈ ಸೋಲಿನಿಂದಲೇ ಹುಟ್ಟಿದೆ. ಇದಕ್ಕೆ ಒಂದು ಇಡೀ ವಾರ ಸಲ್ಲಬೇಕಿತ್ತು, ಅದೂ ಮೂರನೆಯ ವಾರಕ್ಕಿಂತ ಮೊದಲು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧ್ವನಿ ಸ್ಪಷ್ಟವಾಗಿತ್ತು, ಉಪಶೀರ್ಷಿಕೆಗಳಲ್ಲಿ ವ್ಯಕ್ತಿಗಳ ಮತ್ತು ಸ್ಥಳಗಳ ಹೆಸರು ಹಾಸ್ಯಾಸ್ಪದವಾಗಿ ಕೆಟ್ಟಿದ್ದವು. ನೇರ ಚರ್ಚೆಗೆ ಒಂದೇ ಸಮಯ ನಿಗದಿಯಾಗಿದ್ದರಿಂದ ಭೂಮಿಯ ಅರ್ಧ ಭಾಗದವರಿಗೆ ಅದು ನಡುರಾತ್ರಿಯಾಗುತ್ತಿತ್ತು. ಬರಹದ ಕೆಲಸಗಳಲ್ಲಿ ಮೊದಲನೆಯದು ನಿಜಕ್ಕೂ ಉಪಯುಕ್ತ: ತಾವು ಬಲ್ಲ ಒಂದು ಸಂಘರ್ಷದಲ್ಲಿ ಯಾರಿಗೆ ಯಾರ ಮಾತು ಕಿವಿಗೆ ಬೀಳುತ್ತದೆ, ಎರಡೂ ಕಡೆಗೆ ಹೋಗಿಬರಬಲ್ಲವರು ಯಾರು ಎಂಬುದನ್ನು ನಕ್ಷೆಯಾಗಿ ಬರೆಯಬೇಕಿತ್ತು. ನನ್ನ ನಕ್ಷೆಗೆ ಬಂದ ಟಿಪ್ಪಣಿ ಒಂದೂವರೆ ಪುಟವಿತ್ತು, ಗದರಿಕೆಯೂ ಸೇರಿ. ಎರಡನೆಯ ಕೆಲಸಕ್ಕೆ ‘ಚೆನ್ನಾಗಿದೆ’ ಎಂಬ ಒಂದು ಪದ ಬಂತು.

ಎಂಟನೆಯ ವಾರ ಅಣ್ವಸ್ತ್ರಗಳದ್ದು. ಅಣ್ವಸ್ತ್ರ ನಿಷೇಧ ಒಪ್ಪಂದವನ್ನು 2017ರಲ್ಲಿ ಮೊದಲಿಗೇ ಅನುಮೋದಿಸಿದ ಕೆಲವರಲ್ಲಿ ವ್ಯಾಟಿಕನ್ ಒಂದೆಂಬುದನ್ನೂ, 2019ರ ನವೆಂಬರಿನಲ್ಲಿ ಹಿರೋಷಿಮಾದಲ್ಲಿ ನಿಂತು ಪೋಪ್ ಫ್ರಾನ್ಸಿಸ್ ಅವುಗಳನ್ನು ಇಟ್ಟುಕೊಳ್ಳುವುದೂ ಅನೈತಿಕವೆಂದು ಹೇಳಿದ್ದನ್ನೂ ಅಚ್ಚುಕಟ್ಟಾಗಿ ತಿಳಿಸುತ್ತದೆ.

ಸೇರಬಯಸುವವರಿಗೆ ನನ್ನ ಸಲಹೆ ಇಷ್ಟು. ವಿಡಿಯೊಗಳನ್ನು ಯಾವ ಕ್ರಮದಲ್ಲಾದರೂ ನೋಡಬಹುದಾದ್ದರಿಂದ ನಾಲ್ಕನೆಯ ವಾರದಿಂದ ಆರಂಭಿಸಿ, ಬಳಿಕ ಆರನೆಯದನ್ನು ನೋಡಿ, ಆಮೇಲೆ ಮೂರನೆಯದಕ್ಕೆ ಬನ್ನಿ. ಏಳನೆಯ ವಾರಕ್ಕೆ ಹೋಗುವ ಮುನ್ನ ರುವಾಂಡಾವನ್ನು ಕುರಿತು ಬೇರೆಡೆ ಓದಿಕೊಂಡಿರಿ. ಕ್ರೈಸ್ತರಲ್ಲದವರಿಗೂ ಪಾಠ ಅರ್ಥವಾಗುತ್ತದೆ. ಪ್ರತಿ ಉಪನ್ಯಾಸದ ಆರಂಭದಲ್ಲಿರುವ ಪ್ರಾರ್ಥನೆ ಮೂರು ನಿಮಿಷದ್ದು, ಅದನ್ನು ದಾಟಿಸಿಕೊಂಡು ಮುಂದೆ ಹೋಗಲು ಗುಂಡಿಯನ್ನೂ ಇಟ್ಟಿದ್ದಾರೆ.