ಪೆನ್ ಡ್ರೈವನ್ನು ರ‍್ಯಾಮ್ ಮಾಡಲು ಹೋಗಿ ಅಜ್ಜನ ದನಿ ಕಳೆದುಕೊಂಡೆವು

ನಿಮ್ಮ ಮನೆಯ ಹಳೆ ಕಂಪ್ಯೂಟರಿಗೆ ಯಾರಾದರೂ ಪೆನ್ ಡ್ರೈವ್ ಸಿಕ್ಕಿಸಿ "ರ‍್ಯಾಮ್ ಜಾಸ್ತಿ ಆಯ್ತು" ಎಂದು ಹೇಳಿ ಹೋಗಿದ್ದಾರಾ? (ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ.) ಹಾಗಾದರೆ ಆ ಪೆನ್ ಡ್ರೈವಿನಲ್ಲಿ ನಿಮ್ಮ ಫೈಲುಗಳು ಏನಾದರೂ ಇವೆಯಾ ನೋಡಿ. ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಇದನ್ನು ಓದಿ.

ನಮ್ಮ ಮನೆ ಉಡುಪಿಯ ಕಟಪಾಡಿ ಹತ್ತಿರ. ಅಜ್ಜ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು. ದೊಡ್ಡ ಹೆಸರೇನಲ್ಲ, ಸುತ್ತಲಿನ ದೇವಸ್ಥಾನಗಳು, ಮನೆಗಳ ಕೂಟ, ಅಷ್ಟೇ. ಆದರೆ ಮಾವ ಪ್ರತಿ ಕೂಟಕ್ಕೂ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗುತ್ತಿದ್ದರು. ಹಾಗೆ ಉಳಿದದ್ದು 36 ಕ್ಯಾಸೆಟ್, ಒಂದೊಂದೂ 90 ನಿಮಿಷದ್ದು. ನಮ್ಮ ಕಡೆಯ ಮಳೆ ಗೊತ್ತಲ್ವಾ, ಟೇಪಿಗೆ ಬೂಷ್ಟು ಹಿಡಿಯಲು ಶುರುವಾಗಿತ್ತು. ಒಂದು ಬೇಸಿಗೆ ಪೂರ್ತಿ ಕೂತು ಎಲ್ಲವನ್ನೂ ಎಂಪಿ3 ಮಾಡಿದೆ. 3 ಜಿಬಿಗಿಂತ ಸ್ವಲ್ಪ ಮೇಲೆ ಆಯ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗ ಇರಲಿಲ್ಲ. 8 ಜಿಬಿಯ ಪೆನ್ ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿಬಿಟ್ಟೆ. ಎರಡನೇ ಪ್ರತಿ ಇಟ್ಟಿರಲಿಲ್ಲ. ಆ ತಪ್ಪು ನನ್ನದೇ.

ಕಂಪ್ಯೂಟರ್ 2009ರದ್ದು. 2 ಜಿಬಿ ರ‍್ಯಾಮ್, ವಿಂಡೋಸ್ 7. ತುಂಬಾ ನಿಧಾನ ಆಗಿತ್ತು. ನೋಡಲು ಬಂದ ರಿಪೇರಿ ಹುಡುಗ, "ರ‍್ಯಾಮ್ ಎಂತಕೆ ಅಕ್ಕ, ಈ ಪೆನ್ ಡ್ರೈವಲ್ಲೇ 4 ಜಿಬಿ ಕೊಡುವ. ಫೈಲಿಗೆ ಎಂತ ಆಗುದಿಲ್ಲ" ಎಂದ. ರೆಡಿಬೂಸ್ಟ್ ಆನ್ ಮಾಡಿ ಹೋದ.

ರೆಡಿಬೂಸ್ಟ್ ಸುಳ್ಳೇನಲ್ಲ. 2007ರಲ್ಲಿ ವಿಂಡೋಸ್ ವಿಸ್ತಾ ಜೊತೆ ಬಂದ ಸೌಲಭ್ಯ ಅದು. ಆದರೆ ಅದು ರ‍್ಯಾಮ್ ಅಲ್ಲ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗಬೇಕು, ಮುಳ್ಳು ಅಲ್ಲಿಂದಿಲ್ಲಿಗೆ ಓಡಬೇಕು. ಚೂರುಪಾರು ಓದುವುದಕ್ಕೆ ಅದಕ್ಕೆ ಹೊತ್ತು ಬೇಕು. ಹಾಗಾಗಿ ಆ ಚೂರುಗಳ ಒಂದು ಪ್ರತಿಯನ್ನು ವಿಂಡೋಸ್ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುತ್ತದೆ. 512 ಎಂಬಿ ರ‍್ಯಾಮಿನ ಕಾಲಕ್ಕೆ ಅದು ಉಪಯೋಗಕ್ಕೆ ಬರುತ್ತಿತ್ತು. ವೇಗ ನೋಡಿ: ನಮ್ಮ ಕಂಪ್ಯೂಟರಿನ ಡಿಡಿಆರ್2-800 ರ‍್ಯಾಮ್ ಸೆಕೆಂಡಿಗೆ 6,400 ಎಂಬಿವರೆಗೆ ಸಾಗಿಸಬಲ್ಲದು. ಪೆನ್ ಡ್ರೈವ್ ಸಿಕ್ಕಿಸುವ ಯುಎಸ್‌ಬಿ 2.0ರ ಮಿತಿ ಲೆಕ್ಕದಲ್ಲಿ 60 ಎಂಬಿ, ಸಿಗುವುದು ಇನ್ನೂ ಕಡಿಮೆ. ಸುಮ್ನೆ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಪೆನ್ ಡ್ರೈವ್ ಹಾಕಿದ ಮೇಲೂ ರ‍್ಯಾಮ್ 2 ಜಿಬಿ ಎಂದೇ ಇರುತ್ತದೆ. ನಮ್ಮಲ್ಲಿ ಕ್ರೋಮ್ ಮೊದಲಿನಷ್ಟೇ ನಿಧಾನ ಇತ್ತು.

ಆಟಿ ತಿಂಗಳ ಮಳೆಯಲ್ಲಿ ಒಂದು ಸಂಜೆ ಸಿಡಿಲು ಬಡಿದು ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ರೆಡಿಬೂಸ್ಟ್ ಇದ್ದರೆ ಕಂಪ್ಯೂಟರ್ ಚಾಲೂ ಇರುವಷ್ಟು ಹೊತ್ತೂ ಪೆನ್ ಡ್ರೈವಿಗೆ ಬರೆಯುವ ಕೆಲಸ ನಡೆಯುತ್ತಾ ಇರುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ, ಅದರಲ್ಲೂ ಫೈಲುಗಳನ್ನು ಹಳೆಯ ರೀತಿಯಲ್ಲಿ ಜೋಡಿಸಿಡುವ ಎಫ್‌ಎಟಿ32 ಪೆನ್ ಡ್ರೈವ್ ಆದರೆ, ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು. ಮರುದಿನ ಆನ್ ಮಾಡಿದಾಗ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬಂತು. ನಾನು ಅದನ್ನು ಒತ್ತಲಿಲ್ಲ. ಕಂಪ್ಯೂಟರ್, ಪೆನ್ ಡ್ರೈವ್ ಎರಡನ್ನೂ ಅಂಗಡಿಗೆ ಕೊಟ್ಟು, ಒಳಗೆ ಅಜ್ಜನ ರೆಕಾರ್ಡಿಂಗ್ ಇದೆ ಎಂದು ಎರಡೆರಡು ಸಲ ಹೇಳಿ ಬಂದೆ.

ಸಂಜೆ ಹೋದರೆ, "ಸರಿ ಆಯ್ತು ಅಕ್ಕ" ಎಂದರು. ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ, ಮತ್ತೆ ರೆಡಿಬೂಸ್ಟ್ ಹಾಕಿದ್ದರು.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇಲ್ಲಿ. ಬರೀ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಹೋಗುವುದು ಪಟ್ಟಿ ಮಾತ್ರ, ಒಳಗಿನ ದನಿ ಅಲ್ಲೇ ಇರುತ್ತದೆ. ರಿಕವರಿ ಸಾಫ್ಟ್‌ವೇರಿನಿಂದ ಹೆಚ್ಚಿನದನ್ನು ವಾಪಸ್ ತರಬಹುದಿತ್ತು. ಆದರೆ ರೆಡಿಬೂಸ್ಟ್ ತನಗೆ ಬೇಕಾದ ಅಷ್ಟೂ ಜಾಗವನ್ನು ಒಂದು ದೊಡ್ಡ ಫೈಲ್ ಮಾಡಿ ಹಿಡಿದುಕೊಳ್ಳುತ್ತದೆ, ಎಫ್‌ಎಟಿ32ರಲ್ಲಿ 4 ಜಿಬಿವರೆಗೆ. ನಾನು ಮೊದಲು ಹಾಕಿದ್ದ ರೆಕಾರ್ಡಿಂಗ್‌ಗಳು ಇದ್ದದ್ದು ಪೆನ್ ಡ್ರೈವಿನ ಮುಂಭಾಗದಲ್ಲಿ. ಹೊಸ ಫೈಲ್ ಅದರ ಮೇಲೆಯೇ ಕೂತಿತು. ಅದರಲ್ಲಿ ಬರೆಯುವುದೆಲ್ಲ ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಆಗಿರುತ್ತದೆ ಬೇರೆ. ಮಂಗಳೂರಿನಲ್ಲಿ ಡೇಟಾ ರಿಕವರಿ ಮಾಡುವವರ ಹತ್ತಿರ ಕೊಂಡುಹೋದೆ. ಸಿಕ್ಕಿದ್ದು ಎರಡು ಫೈಲ್, ಅದೂ ಅರ್ಧಂಬರ್ಧ.

ದಯವಿಟ್ಟು ಫಾರ್ಮ್ಯಾಟ್ ಮಾಡಿ ಎಂಬ ಸಂದೇಶ ಬಂದರೆ ಕ್ಯಾನ್ಸಲ್ ಒತ್ತಿ, ಪೆನ್ ಡ್ರೈವ್ ತೆಗೆದಿಡಿ. ರಿಪೇರಿಗೆ ಕೊಡುವಾಗ "ಫಾರ್ಮ್ಯಾಟ್ ಮಾಡಬೇಡಿ" ಎಂದು ಚೀಟಿ ಬರೆದು ಅಂಟಿಸಿ. ಬಾಯಲ್ಲಿ ಹೇಳಿದರೆ ಸಾಲದು.

ವೇಗ ಬೇಕಾದರೆ ನಿಜವಾದ ರ‍್ಯಾಮನ್ನೇ ಹಾಕಿಸಿ. ಹಳೆಯ ಡಿಡಿಆರ್2, ಡಿಡಿಆರ್3 ರ‍್ಯಾಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ವಿಂಡೋಸ್ 32 ಬಿಟ್‌ನದ್ದಾದರೆ 4 ಜಿಬಿಗಿಂತ ಜಾಸ್ತಿ ಹಾಕಿ ಪ್ರಯೋಜನ ಇಲ್ಲ. ಹಾರ್ಡ್ ಡಿಸ್ಕ್ ಬದಲು ತಿರುಗುವ ತಟ್ಟೆ ಇಲ್ಲದ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಒಳ್ಳೆಯದು. ನಾವು ಕೊನೆಗೆ ಮಾಡಿದ್ದು ಅದನ್ನೇ, ಮತ್ತೆ 2 ಜಿಬಿ ರ‍್ಯಾಮ್ ಜೊತೆಗೆ. ಆಮೇಲೆ ರೆಡಿಬೂಸ್ಟ್ ಟ್ಯಾಬಿಗೆ ಹೋದರೆ, ಈ ಕಂಪ್ಯೂಟರಿನ ವೇಗಕ್ಕೆ ಇದರ ಅಗತ್ಯ ಇಲ್ಲ ಎಂದು ವಿಂಡೋಸೇ ಹೇಳುತ್ತದೆ.

36 ಕ್ಯಾಸೆಟ್‌ಗಳಲ್ಲಿ ಈಗ ಓಡುವುದು 9. ಅಜ್ಜ ಅರ್ಥ ಹೇಳಿದ ವಾಲಿಯ ಪಾತ್ರ ಅದರಲ್ಲಿ ಇಲ್ಲ. ಅಮ್ಮ ಅದನ್ನೇ ಕೇಳುತ್ತಿದ್ದದ್ದು. ಆ 9 ಕ್ಯಾಸೆಟ್‌ಗಳನ್ನು ಮತ್ತೆ ಎಂಪಿ3 ಮಾಡುತ್ತಿದ್ದೇನೆ. ಒಂದು ಪ್ರತಿ ನಮ್ಮಲ್ಲಿ, ಒಂದು ಮಾವನ ಮನೆಯಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ.